ಮಾವನವರ ಸೈಕಲ್ಲಿಗೆ ಹೊಸ ಪೇಂಟ್ ಬೇಡ

ಕೊಟ್ಟಿಗೆಯ ಮೂಲೆಯಿಂದ ಹಳೇ ಸೈಕಲ್ ಹೊರಗೆ ಬಂದ ಕೂಡಲೇ ಮನೆಯ ಹುಡುಗರಿಗೆ ನೆನಪಾಗುವುದು ಸ್ಪ್ರೇ ಪೇಂಟಿನ ಡಬ್ಬಿ. ಅದೊಂದನ್ನು ದೂರ ಇಡಿ. ಆ ಕಾಲದ ರ್‍ಯಾಲಿ, ಹರ್ಕ್ಯುಲಿಸ್‌ ಕಂಪನಿ ಸೈಕಲ್ಲುಗಳ ಕಪ್ಪು ಬಣ್ಣ ಕಾರ್ಖಾನೆಯ ಬಿಸಿಗೂಡಿನಲ್ಲಿ ಬೇಯಿಸಿ ಗಟ್ಟಿ ಮಾಡಿದ್ದು. ಡಬ್ಬಿಯ ಪೇಂಟ್ ಅದರ ಹತ್ತಿರವೂ ಬರುವುದಿಲ್ಲ. ತುಕ್ಕಿನ ಮೇಲೆ ಹೊಡೆದರಂತೂ ಒಂದು ಮಳೆಗಾಲ ಕಳೆಯುವುದರೊಳಗೆ ಗುಳ್ಳೆ ಏಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಮೇಲಿಂದ ಮಲ್ಪೆ ಕಡೆಯ ಉಪ್ಪು ಗಾಳಿ ಬೇರೆ.

ನನ್ನ ಲೆಕ್ಕ ಇಷ್ಟೇ: ತಿರುಗುವ ಭಾಗವೆಲ್ಲ ಹೊಸದರ ಹಾಗೆ ಓಡಬೇಕು, ಕಣ್ಣಿಗೆ ಕಾಣುವ ಭಾಗ ಇದ್ದ ಹಾಗೇ ಇರಬೇಕು. ನಮ್ಮ ಮಾವನವರ ರ್‍ಯಾಲಿಯ ಮುಂದಿನ ಬಾರಿನ ಮೇಲೆ ಒಂದು ಗೇಣಿನಷ್ಟು ಜಾಗದಲ್ಲಿ ಬಣ್ಣವೇ ಇಲ್ಲ. ಮನೆಯ ಮಕ್ಕಳೆಲ್ಲ ಅಲ್ಲೇ ಕೂತು ಶಾಲೆಗೆ ಹೋದವರು. ಕ್ಯಾರಿಯರಿನ ಎರಡೂ ಬದಿಯಲ್ಲಿ ಅಕ್ಕಿ ಮುಡಿಯ ಹಗ್ಗ ಉಜ್ಜಿದ ಗೆರೆ ಇದೆ. ಅದರ ಮೇಲೆ ಪೇಂಟ್ ಬಳಿದರೆ ಉಳಿಯುವುದೇನು ಹೇಳಿ?

ಮೊದಲು ತುಕ್ಕಿನ ಜಾತಿ ನೋಡಿ. ಉಗುರಿನಿಂದ ಗೀರಿದಾಗ ಕೆಂಪು ಪುಡಿ ಮಾತ್ರ ಬಂದರೆ ಹೆದರಬೇಕಿಲ್ಲ. ಪದರ ಪದರವಾಗಿ ಎದ್ದರೆ, ಪೆಡಲಿನ ಅಚ್ಚು ಕೂರುವ ಗುಂಡಿಯ ಹತ್ತಿರವೋ ಸೀಟಿನ ಕೆಳಗೋ ಕಬ್ಬಿಣ ಊದಿಕೊಂಡಿದ್ದರೆ, ಒಳಗಿನಿಂದಲೇ ತಿಂದಿದೆ ಎಂದರ್ಥ. ಅಂಥದ್ದನ್ನು ವೆಲ್ಡಿಂಗ್ ಬಲ್ಲವರಿಗೆ ತೋರಿಸದೆ ಹತ್ತಬೇಡಿ. ಮೀನು ಮಾರಲು ಓಡಾಡಿದ ಸೈಕಲ್ಲಾದರೆ ಕ್ಯಾರಿಯರಿನ ಅಡಿ, ಹಿಂದಿನ ಮಡ್ಗಾರ್ಡಿನ ಒಳಮೈ ಎರಡನ್ನೂ ಕೈಯಾಡಿಸಿ ನೋಡಿ. ಪೆಟ್ಟಿಗೆಯ ಉಪ್ಪುನೀರು ಇಳಿದದ್ದು ಅಲ್ಲಿಗೇ.

ತೊಳೆಯಲು ಪೈಪಿನ ನೀರು ಬಿಡಬೇಡಿ. ಹಳೇ ಬೈರಾಸು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಬಾಲ್ದಿ ನೀರಿಗೆ ಎರಡು ಹನಿ ಶಾಂಪೂ ಹಾಕಿ, ಅಂಗೈಯಗಲ ಜಾಗವನ್ನು ಒಂದೊಂದಾಗಿ ಒರೆಸುತ್ತಾ ಬನ್ನಿ. ಅವಸರ ಬೇಡ. ನಮ್ಮದರ ಹಿಂದಿನ ಮಡ್ಗಾರ್ಡ್ ಬರೀ ಮಣ್ಣು ಹಿಡಿದ ತಗಡಿನ ಹಾಗೆ ಕಾಣುತ್ತಿತ್ತು. ಒರೆಸುತ್ತಾ ಹೋದಂತೆ ದಾರದಷ್ಟು ಸಪೂರದ ಚಿನ್ನದ ಬಣ್ಣದ ಗೆರೆಯೊಂದು ಕಾಣಿಸಿತು. ಈ ಗೆರೆ, ಫ್ರೇಮಿನ ಮೇಲಿನ ಅಕ್ಷರ ಇವೆಲ್ಲ ತುಂಬಾ ನಾಜೂಕು. ಪೆಟ್ರೋಲ್, ಥಿನ್ನರ್ ತಾಗಿದರೆ ಕರಗಿ ಬಟ್ಟೆಗೆ ಬರುತ್ತವೆ. ಹಬ್, ಚೈನ್ ಚಕ್ರಗಳ ಜಿಡ್ಡಿಗೆ ಚಿಮಿಣಿ ಎಣ್ಣೆಯೇ ಆಗಬೇಕು, ಆದರೆ ಅಕ್ಷರದ ಹತ್ತಿರಕ್ಕೆ ಅದೂ ಬೇಡ. ಬೂದಿ, ತೆಂಗಿನ ನಾರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಮೂರೂ ಅಡುಗೆಮನೆಯಲ್ಲೇ ಇರಲಿ.

ಹ್ಯಾಂಡಲ್, ರಿಮ್‌ಗಳ ಹೊಳಪಿಗೆ ಹೋಟೆಲ್ ಪಾರ್ಸೆಲ್‌ನ ಅಲ್ಯೂಮಿನಿಯಂ ಹಾಳೆ ಸಾಕು. ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಕ್ರೋಮ್ ಅದಕ್ಕಿಂತ ಗಟ್ಟಿ, ಹಾಗಾಗಿ ಗೀರು ಬೀಳುವುದಿಲ್ಲ. ಕಪ್ಪು ಕೆಸರು ಬರುತ್ತದೆ, ಒರೆಸಿ ತೆಗೆಯಿರಿ. ಹಿತ್ತಾಳೆ ಬೆಲ್ಲಿಗೆ ಹುಣಸೆಹುಳಿ ಹಚ್ಚಬಹುದು. ಆದರೆ ಬಿಚ್ಚಿ ತೆಗೆದು ಹಚ್ಚಿ, ಕೂಡಲೇ ತೊಳೆದು ಒಣಗಿಸಿ. ಹ್ಯಾಂಡಲಿನ ಕೆಳಗೆ ಮುಂದುಗಡೆ ಇರುವ ಕಂಪನಿಯ ಬಿಲ್ಲೆಗೆ ಮಾತ್ರ ಹುಳಿ ಮುಟ್ಟಿಸಬೇಡಿ. ರ್‍ಯಾಲಿಯ ಕೊಕ್ಕರೆ ತಲೆಯ ಬಿಲ್ಲೆಯ ಸಂದಿನಲ್ಲಿ ಬಣ್ಣ ತುಂಬಿರುತ್ತದೆ. ಪುರಸಭೆಗೆ ಸೈಕಲ್ ತೆರಿಗೆ ಕಟ್ಟಿದಾಗ ಕೊಟ್ಟ ತಗಡಿನ ಬಿಲ್ಲೆ ಏನಾದರೂ ನೇತಾಡುತ್ತಿದ್ದರೆ ನೀವು ಅದೃಷ್ಟವಂತರು. ಅದನ್ನು ಒಣಬಟ್ಟೆಯಲ್ಲಿ ಒರೆಸಿ ಅಲ್ಲೇ ಬಿಡಿ.

ಇನ್ನು ಬಣ್ಣ ಹೋದ ಜಾಗ. ಪೇಂಟ್ ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆಯನ್ನು, ಅಂದರೆ ಲಿನ್ಸೀಡ್ ಆಯಿಲನ್ನು, ಬಟ್ಟೆಯಲ್ಲಿ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಆಗಲೇ ಒರೆಸಿಬಿಡಿ. ಕೆಲವು ದಿನಕ್ಕೆ ಒಣಗಿ ಸಣ್ಣ ಪೊರೆ ಕಟ್ಟುತ್ತದೆ, ತುಕ್ಕು ಕಡು ಕಂದಾಗಿ ಅಲ್ಲೇ ನಿಲ್ಲುತ್ತದೆ. ತೆಂಗಿನೆಣ್ಣೆ ಯಾಕಾಗದು ಎಂದು ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ಅದು ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಒಂದು ಮಾತು ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವುದುಂಟು. ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಉಳಿದ ಬಣ್ಣಕ್ಕೆ ಕಾರಿಗೆ ಹಚ್ಚುವ ಮೇಣ ಸಾಕು. ಮೇಣವನ್ನೇ ಕೇಳಿ ತನ್ನಿ, ಪಾಲಿಶ್ ಬೇಡ. ಪಾಲಿಶ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ, ಇದ್ದ ಬಣ್ಣವನ್ನೂ ತಿನ್ನುತ್ತದೆ.

ಬೇರಿಂಗ್ ಕೆಲಸ ಹಳೇ ಸೈಕಲ್ ಶಾಪಿನವರಿಗೇ ಕೊಡಿ. ಗುಂಡು ಬದಲಾಯಿಸಿ ಗ್ರೀಸ್ ತುಂಬಿಸಿ ಎಂದರೆ ಅವರಿಗೆ ಗೊತ್ತಾಗುತ್ತದೆ. ಆದರೆ ಪೆಡಲ್ ಕಾಲನ್ನು ಅಚ್ಚಿಗೆ ಬಿಗಿದಿಡುವ ಕಾಟರ್ ಪಿನ್ ತೆಗೆಯುವಾಗ ಪಕ್ಕದಲ್ಲೇ ನಿಂತಿರಿ. ನಟ್ ಪೂರ್ತಿ ಬಿಚ್ಚದೆ ಪಿನ್ನಿನ ತುದಿಗೆ ಸಮವಾಗಿ ಬಿಟ್ಟು, ಕೆಳಗೆ ಕಬ್ಬಿಣದ ಪೈಪಿನ ಆಸರೆ ಕೊಟ್ಟು ಬಡಿದರೆ ಥ್ರೆಡ್ ಉಳಿಯುತ್ತದೆ. ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರೆ ಇನ್ನೂ ಸುಲಭ. ಎಡಗಡೆಯ ಪೆಡಲ್ ಬಿಚ್ಚುವುದು ಉಲ್ಟಾ ದಿಕ್ಕಿಗೆ. ಟಯರ್, ಟ್ಯೂಬ್, ಬ್ರೇಕಿನ ರಬ್ಬರ್ ಮೂರರಲ್ಲಿ ಚೌಕಾಸಿ ಬೇಡ, ಹೊಸದೇ ಹಾಕಿಸಿ. 28 ಇಂಚಿನ ಟಯರ್ ಈಗಲೂ ಸಿಗುತ್ತದೆ. ತೆಗೆದ ಹಳೇ ಸಾಮಾನನ್ನು ಗುಜರಿಗೆ ಹಾಕಲು ಬಿಡದೆ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ.

ಚರ್ಮದ ಸೀಟಿಗೆ ಆಟಿಯ ಮಳೆ ತಿಂಗಳಲ್ಲಿ ಬೂಸ್ಟು ಬರುವುದು ತಪ್ಪಿದ್ದಲ್ಲ. ಒಣಬಟ್ಟೆಯಲ್ಲಿ ಒರೆಸಿ ಗಾಳಿಗಿಡಿ. ಬಿಸಿಲಿಗಿಟ್ಟರೆ ಚರ್ಮ ಸಿಡಿಯುತ್ತದೆ. ಎಣ್ಣೆ ಕುಡಿಸಿದರೆ ಮೆತ್ತಗಾಗಿ ಜೋತುಬೀಳುತ್ತದೆ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಟರ್ಪಾಲು ಸುತ್ತಿಡುವವರೇ ಜಾಸ್ತಿ. ಒಳಗೆ ನೀರು ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಹತ್ತಿಯ ಹಳೇ ಬೆಡ್‌ಶೀಟ್ ಹೊದಿಸಿ, ಚಕ್ರದಡಿ ಹಲಗೆ ಕೊಟ್ಟು, ಕೆಂಪುಕಲ್ಲಿನ ಗೋಡೆಗೆ ತಾಗದಂತೆ ನಿಲ್ಲಿಸಿ. ಆಯುಧ ಪೂಜೆಗೆ ಒದ್ದೆ ಕುಂಕುಮವನ್ನು ಹ್ಯಾಂಡಲಿಗೆ ಇಡಿ, ಅಕ್ಷರದ ಮೇಲೆ ಬೇಡ, ಮರುದಿನ ಒರೆಸಿ. ಮಳೆ ಬಿಟ್ಟ ದಿನ ಯಾರಾದರೂ ಒಬ್ಬರು ಹತ್ತಿರದ ಅಂಗಡಿವರೆಗೆ ತುಳಿದುಕೊಂಡು ಹೋಗಿ ಬನ್ನಿ, ಬಂದ ಮೇಲೆ ಚೈನಿಗೆ ಎರಡು ಹನಿ ಎಣ್ಣೆ ಬಿಡಿ.