ಶ್ರೀಶೈಲ ಪಾದಯಾತ್ರೆಗೆ ನಾನು ಹೊಂದಿಸಿಕೊಂಡ ಬೆನ್ನಚೀಲ

ಈ ಸಲ ಭೀಮನಕೊಳ್ಳದ ಕಣಿವೆಯಿಂದ, ಶ್ರೀಶೈಲದ ಏರುದಾರಿ ಮುಗಿಯುವ ಕೈಲಾಸ ಬಾಗಿಲಿನ ತನಕ ಚೀಲ ಇಳಿಸದೆ ಹತ್ತಿದೆ. ಹೊರಡುವಾಗ “ಕಾಕಾ, ಇದೇನ್ ಸಾಲಿ ಹುಡುಗರ ಚೀಲ ತಂದೀರಿ?” ಅಂತ ನಕ್ಕವರೇ ಈಗ ಅಳತೆ ಕೇಳಲಿಕ್ಕೆ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯಲು ಕೂತೆ.

ಬಾಗಲಕೋಟೆ ಕಡೆಯಿಂದ ಹೊರಟು ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು ದಾಟಿ ಆತ್ಮಕೂರು ಮುಟ್ಟುವ ತನಕ ಚೀಲದ ಚಿಂತೆ ಯಾಕೆ, ಹಿಂದೆ ಟ್ರ್ಯಾಕ್ಟರ್ ಬರುತ್ತದಲ್ಲ ಅನ್ನುವವರೇ ಬಹಳ. ಆದರೆ ವೆಂಕಟಾಪುರದ ಆಚೆ ನಲ್ಲಮಲ ಕಾಡು ಹೊಕ್ಕಿರೋ, ಗಾಡಿಗಳು ದೋರ್ನಾಲ ಸುತ್ತಿ ಹೋಗುತ್ತವೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಎಲ್ಲಾ ಕಡೆ ನಿಮ್ಮ ಗಂಟು ನಿಮ್ಮ ಬೆನ್ನಿಗೇ. ಮುನ್ನೂರು ಚಿಲ್ಲರೆ ಕಿಲೋಮೀಟರು ಕೈ ಬೀಸಿಕೊಂಡು ಬಂದವರು ಅಲ್ಲಿ ಒಮ್ಮೆಲೇ ಭಾರ ಹೊತ್ತರೆ ಹೆಗಲು ಒಪ್ಪುತ್ತದೆಯೇ? ಅದಕ್ಕೇ ನಾನು ಮನೆಯ ಹೊಸ್ತಿಲಿಂದಲೇ ಹೊರುವವನು.

ಇದಕ್ಕೆ ಸುರಿದ ದುಡ್ಡು ಕೇಳಬೇಡಿ. ಜೋಳಿಗೆ ಪುಕ್ಕಟೆ ಇತ್ತು, ಆದರೆ ಲಿಂಗಸುಗೂರು ಬರುವಷ್ಟರಲ್ಲಿ ಕುತ್ತಿಗೆ ಒಂದು ಕಡೆ ವಾಲಿತು. ಜಾತ್ರೆಯಲ್ಲಿ 350ಕ್ಕೆ ತಂದ ಚೀಲದ ಪಟ್ಟಿ ರಾಯಚೂರಿನ ಆಚೆ ಬುಡಸಮೇತ ಕಿತ್ತು, ಹಗ್ಗ ಬಿಗಿದುಕೊಂಡು ನಡೆದದ್ದಾಯಿತು. ಆಮೇಲೆ 4,000ದ ಹತ್ತಿರ ಕೊಟ್ಟು 60 ಲೀಟರಿನ ಟ್ರೆಕ್ಕಿಂಗ್ ಬ್ಯಾಗ್. ಖಾಲಿಯೇ ಎರಡು ಕಿಲೊ! ಜಾಗ ಇದ್ದರೆ ಮನೆಯವರು ಬಿಡುತ್ತಾರೆಯೇ? ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಹೊದಿಕೆ, ಎಲ್ಲಾ ಸೇರಿ ಗಿರಣಿ ತಕ್ಕಡಿಯಲ್ಲಿ 12 ಕಿಲೊ ತೂಗಿತು. ರಾಯಚೂರಿನ ಬಿಸಿಲಿಗೆ ಬೆನ್ನ ಚರ್ಮ ಸುಲಿದು, ಅದು ಟ್ರ್ಯಾಕ್ಟರ್ ಏರಿತು. ಹಾಸ್ಟೆಲ್‌ಗೆ ಹೊರಟಿದ್ದ ಅಳಿಯನಿಗೆ 1,500ಕ್ಕೆ ದಾಟಿಸಿದೆ.

ಅಂಗಡಿಯವರು ಲೀಟರ್ ಹೇಳುತ್ತಾರೆ, ನೀವು ಬೆನ್ನು ಅಳೆಯಿರಿ. ತಲೆ ಬಾಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬುವ ಎಲುಬಿನಿಂದ ಟೊಂಕದ ಎಲುಬಿನ ಮೇಲಂಚಿನ ಮಟ್ಟದ ತನಕ ಟೇಪು ಹಿಡಿಯಬೇಕು. ನನ್ನದು 17 ಇಂಚು ಆಸುಪಾಸು. ಅದಕ್ಕೆ ಸರಿಹೊಂದಿದ್ದು 900 ರೂಪಾಯಿಯ, 30 ಲೀಟರಿನ ಸಾದಾ ಚೀಲ. ಅದನ್ನು ಬೈಕ್ ಸೀಟ್ ಹೊಲಿಯುವ ಅಂಗಡಿಗೆ ಒಯ್ದು ಟೊಂಕಕ್ಕೆ ಅಗಲ ಪಟ್ಟಿ ಹೊಲಿಸಿದೆ. ದಪ್ಪ ನೈಲಾನ್ ದಾರ, ಗಟ್ಟಿ ಮಷಿನ್ ಇರುವುದು ಅವರಲ್ಲೇ. ಮೊದಲು ಸೀಟಿನ ಸ್ಪಂಜನ್ನೇ ತುಂಬಿಸಿದ್ದೆ, ಬೆವರು ಕುಡಿದು ಕುಡಿದು ಹಪ್ಪಳವಾಯಿತು. ಹಳೆ ಕೌದಿಯ ತುಂಡು ಹಾಕಿದರೆ ಮೆತ್ತಗೇನೋ ಇತ್ತು, ಆದರೆ ಒದ್ದೆಯಾದದ್ದು ಒಣಗಲೇ ಇಲ್ಲ. ಕಡೆಗೆ ಮಗಳ ಯೋಗ ಮ್ಯಾಟ್ ಕತ್ತರಿಸಿ ಎರಡು ಪದರ ಇಟ್ಟೆ. ಅದು ನೀರು ಹೀರುವುದಿಲ್ಲ, ಒರೆಸಿದರೆ ಮುಗಿಯಿತು. ಹೊಲಿಗೆ ಬಿಚ್ಚಿ ಹಾಕಿದ್ದೆಲ್ಲ ಸೇರಿ 400–500 ಹೋಗಿರಬೇಕು. ಮಗಳ ಸಿಟ್ಟು ಬೇರೆ.

ಬೆನ್ನ ಕಡೆ ಗಟ್ಟಿ ಆಸರೆ ಇಲ್ಲದಿದ್ದರೆ ಟೊಂಕಪಟ್ಟಿ ಬರೀ ಶೋಕಿ. ಚೀಲ ಕುಸಿದು ಭಾರ ಮತ್ತೆ ಹೆಗಲಿಗೇ ಬೀಳುತ್ತದೆ. ಒಳಗೆ ನಾನು ಏನು ಸೇರಿಸಿದ್ದೇನೆ ಅನ್ನುವುದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಕಾಕಾನ ದೊಡ್ಡಸ್ತಿಕೆಯೂ ಸ್ವಲ್ಪ ಉಳಿಯಲಿ.

ನಡುವೆ ಇನ್ನೊಂದು ಪ್ರಯೋಗ: ಕರಿ ಚೀಲ ಬಿಸಿಲಿಗೆ ಕಾಯುತ್ತದೆಂದು ಹಳೆ ಧೋತರದ ಬಿಳಿ ಗವಸು ಹೊಲಿಸಿದೆ. ಒಳಗಿನ ಬಾಳೆಹಣ್ಣು ಸಂಜೆ ತನಕ ತಡೆದವು. ಧೂಳಿಗೆ ಅದು ಬಿಳಿ ಉಳಿದದ್ದು ಒಂದೇ ದಿನ, ಆ ಮಾತು ಬೇರೆ.

ಈಗ ನೀರೂ ಸೇರಿ ಐದೂವರೆ ಕಿಲೊ. ತೂಕದ್ದೆಲ್ಲ ಬೆನ್ನಿಗೆ ಅಂಟಿಕೊಂಡಿರಬೇಕು. ಶ್ರೀಶೈಲದ ದೇವಿ ಭ್ರಮರಾಂಬೆಗೆ ಒಯ್ಯುವ ಇಳಕಲ್ ಸೀರೆ, ಕುಂಕುಮ ಎಲ್ಲಕ್ಕಿಂತ ಮೇಲೆ, ಪ್ಲಾಸ್ಟಿಕ್ ಹಾಳೆಯಲ್ಲಿ. ಆಕೆ ನಮ್ಮ ಕಡೆಯವರಿಗೆ ಮನೆ ಮಗಳಿದ್ದ ಹಾಗೆ, ತವರಿನ ಸೀರೆ ಕೊಡುವಾಗ ಬೆವರಿನ ವಾಸನೆ, ಶೇಂಗಾ ಚಟ್ನಿಯ ಎಣ್ಣೆ ಹತ್ತಿರಬಾರದು. ಮತ್ತೆ, ದಾಸೋಹದಲ್ಲಿ ಉಂಡೆದ್ದ ಮೇಲೆ ಪಟ್ಟಿ ಎರಡು ಬೆರಳು ಸಡಿಲಿಸಿ, ಇಲ್ಲದಿದ್ದರೆ ಉಂಡದ್ದು ನಡೆಯಗೊಡುವುದಿಲ್ಲ.

ಹೊಲಿಸುವವರು ಶಿವರಾತ್ರಿಗೆ ಮುಂಚೆಯೇ ಹೊಲಿಸಿ. ಐದು ಕಿಲೊ ಜೋಳ ತುಂಬಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬನ್ನಿ. ಎಲ್ಲಿ ಉಜ್ಜುತ್ತದೋ ಅಲ್ಲಿ ಚರ್ಮ ಕೆಂಪಾಗುತ್ತದೆ, ಚೀಲದಲ್ಲಿ ಅದಕ್ಕೆ ತಾಗುವ ಜಾಗಕ್ಕೆ ಸುಣ್ಣದ ಗುರುತು ಹಾಕಿ ಸೀಟ್ ಅಂಗಡಿಗೆ ತೋರಿಸಿದರೆ ಸಾಕು.