ಕೂದಲು ಕಸಿಯ ನಂತರ: ಮೊದಲ ರಾತ್ರಿಯಿಂದ ಮೊದಲ ಕ್ರಾಪಿನವರೆಗೆ

ಕೂದಲು ಕಸಿ ಮಾಡಿಸಿಕೊಂಡ ನಾಲ್ಕನೇ ವಾರ ಅದು. ಬೆಳಿಗ್ಗೆ ತಲೆ ತೊಳೆದು ಒರೆಸಿಕೊಂಡು ನೋಡಿದರೆ ಬಿಳಿ ಟವೆಲ್ ಮೇಲೆ ಅರ್ಧ ಸೆಂಟಿಮೀಟರ್ ಉದ್ದದ ಕೂದಲ ಚೂರುಗಳು ಎಳ್ಳು ಚೆಲ್ಲಿದ ಹಾಗೆ ಬಿದ್ದಿದ್ದವು. ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿಯಲ್ಲಿ ಕೂತು ನೆಡಿಸಿಕೊಂಡದ್ದೆಲ್ಲ ಹೋಯಿತಲ್ಲ ಅಂತ ಎದೆ ಧಸಕ್ಕೆಂದಿತು. ಆಸ್ಪತ್ರೆಯಲ್ಲಿ ಕೈಗಿತ್ತ ಸೂಚನೆ ಹಾಳೆಯಲ್ಲಿ ಇದರ ಬಗ್ಗೆ ಇದ್ದದ್ದು ಒಂದೇ ಸಾಲು: ‘ಕೂದಲು ಉದುರಬಹುದು’. ಆ ಸಾಲನ್ನು ಯಾರಾದರೂ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದ್ದರೆ ಮುಂದಿನ ಎರಡು ತಿಂಗಳು ಅಷ್ಟು ಒದ್ದಾಡುತ್ತಿರಲಿಲ್ಲ. ಈ ದಾರಿಗೆ ಈಗ ಹೊರಟವರಿಗಾಗಿ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮ ವೈದ್ಯರ ಸೂಚನೆಗೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ಮೇಲು. ನಿಮ್ಮ ತಲೆಯನ್ನು ನೋಡಿರುವವರು ಅವರು.

ತಲೆಯಲ್ಲಿ ಆಗಿರುವುದೇನು?

ತಲೆಯ ಹಿಂಭಾಗದ ಕೂದಲು ವಂಶಪಾರಂಪರ್ಯವಾಗಿ ಬರುವ ಬೋಳುತನಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಮುಂದಕ್ಕೆ ತಂದು ನೆಟ್ಟರೂ ತನ್ನ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆನ್‌ಟ್ರೈಕ್ 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಇವತ್ತಿನ ಕಸಿ ನಿಂತಿರುವುದು ಅದರ ಮೇಲೆಯೇ. ಎಫ್‌ಯುಇ ವಿಧಾನದಲ್ಲಿ ಸುಮಾರು 1 ಮಿಲಿಮೀಟರ್ ಅಗಲದ, ಕೆಲವೊಮ್ಮೆ ಅದಕ್ಕೂ ಕಿರಿದಾದ ಪಂಚ್ (ಚರ್ಮ ಕೊರೆಯುವ ದುಂಡು ಬಾಯಿಯ ಉಪಕರಣ) ಬಳಸಿ ಒಂದೊಂದೇ ಗ್ರಾಫ್ಟ್ ತೆಗೆಯುತ್ತಾರೆ. ಎಫ್‌ಯುಟಿಯಲ್ಲಿ ಚರ್ಮದ ಪಟ್ಟಿಯನ್ನೇ ತೆಗೆದು, ಗಾಯಕ್ಕೆ ಹೊಲಿಗೆ ಹಾಕಿ, ಆ ಪಟ್ಟಿಯಿಂದ ಗ್ರಾಫ್ಟ್‌ಗಳನ್ನು ಬಿಡಿಸುತ್ತಾರೆ. ಒಂದು ಗ್ರಾಫ್ಟ್ ಅಂದರೆ 1ರಿಂದ 4 ಕೂದಲಿನ ಸಣ್ಣ ಗುಂಪು, ಬುಡಸಮೇತ.

ಕಿತ್ತ ಕ್ಷಣದಿಂದ ಆ ಬುಡಕ್ಕೆ ರಕ್ತದ ಸಂಪರ್ಕವಿಲ್ಲ. ಹೊಸ ಜಾಗದಲ್ಲಿ ಮೊದಲ ಒಂದೆರಡು ದಿನ ಸುತ್ತಲಿನ ದ್ರವ ಹೀರಿಕೊಂಡು ಜೀವ ಹಿಡಿದಿರುತ್ತದೆ. ಆಮೇಲೆ ನಿಧಾನಕ್ಕೆ ಸಣ್ಣ ರಕ್ತನಾಳಗಳು ಬಂದು ಕೂಡಿಕೊಳ್ಳುತ್ತವೆ. ಒಂಬತ್ತು ಹತ್ತು ದಿನ ಕಳೆಯುವಷ್ಟರಲ್ಲಿ ಗ್ರಾಫ್ಟ್ ಗಟ್ಟಿಯಾಗಿ ಕೂತಿರುತ್ತದೆ. ಹಾಗಾಗಿ ಮೈಯೆಲ್ಲ ಕಣ್ಣಾಗಿರಬೇಕಾದದ್ದು ಈ ಹತ್ತು ದಿನ ಮಾತ್ರ.

ಮೊದಲ ಮೂರು ರಾತ್ರಿ

ನಿದ್ದೆಯೇ ಮೊದಲ ಪರೀಕ್ಷೆ. ಎರಡು ಮೂರು ದಿಂಬು ಒತ್ತಿಟ್ಟು, ಬೆನ್ನು ಸುಮಾರು 45 ಡಿಗ್ರಿ ಎತ್ತರವಾಗುವಂತೆ ಒರಗಿ ಮಲಗಬೇಕು. ವಿಮಾನದಲ್ಲಿ ಬಳಸುವ ಕತ್ತಿನ ದಿಂಬು ಇದ್ದರೆ ತಲೆ ಪಕ್ಕಕ್ಕೆ ಹೊರಳುವುದಿಲ್ಲ, ನೆಟ್ಟ ಜಾಗ ಯಾವುದಕ್ಕೂ ತಗಲುವುದಿಲ್ಲ. ಇದೇ ರೀತಿ ಒಂದು ವಾರ ಮಲಗಿದರೆ ಒಳ್ಳೆಯದು. ಎಚ್ಚರವಿರುವಷ್ಟು ಹೊತ್ತೂ, ವೈದ್ಯರು ಹೇಳಿದ ಅಂತರದಲ್ಲಿ, ಸಲೈನ್ ದ್ರಾವಣವನ್ನು ಮಂಜಿನಂತೆ ಸಿಂಪಡಿಸುತ್ತಿರಬೇಕು. ತೇವವಿದ್ದರೆ ಹಕ್ಕಳೆ ಮೃದುವಾಗಿರುತ್ತದೆ, ತುರಿಕೆಯೂ ತಗ್ಗುತ್ತದೆ.

ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಹಣೆ ಊದಿಕೊಳ್ಳಬಹುದು. ಅರಿವಳಿಕೆಗೆಂದು ತಲೆಗೆ ಚುಚ್ಚಿದ ದ್ರವ ಕೆಳಗಿಳಿಯುವುದೂ ಇದಕ್ಕೊಂದು ಕಾರಣ. ಕೆಲವರಿಗೆ ಅದು ಕಣ್ಣಿನ ರೆಪ್ಪೆವರೆಗೂ ಬಂದು ಮುಖವೇ ಬೇರೆಯವರದ್ದು ಅನ್ನಿಸುತ್ತದೆ. ನೋಡಲು ಭಯವಾದರೂ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಹಣೆಗೆ ಬಟ್ಟೆ ಸುತ್ತಿದ ಐಸ್ ಇಡಬಹುದು. ಆದರೆ ನೆಟ್ಟ ಜಾಗಕ್ಕೆ ಐಸ್ ತಾಗಿಸಲೇಬಾರದು.

ನೋವಿಗೆ ಬರೆದುಕೊಟ್ಟ ಮಾತ್ರೆಯನ್ನಷ್ಟೇ ತೆಗೆದುಕೊಳ್ಳಿ. ಮನೆಯಲ್ಲಿರುವ ಆಸ್ಪಿರಿನ್ ನುಂಗಿದರೆ ರಕ್ತ ಒಸರುವುದು ಹೆಚ್ಚಬಹುದು. ಆದರೆ ಹೃದಯದ ಕಾಯಿಲೆಗೆಂದು ಅದನ್ನೇ ದಿನವೂ ತೆಗೆದುಕೊಳ್ಳುವವರು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕಾದ ವಿಷಯ ಅದು. ಸಿಗರೇಟಿನ ಬಗ್ಗೆ ಸುತ್ತಿ ಬಳಸಿ ಹೇಳುವುದಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ನೆಟ್ಟ ಬುಡಕ್ಕೆ ಈಗ ಬೇಕಿರುವುದು ರಕ್ತವೇ. ಬಿಡಿ.

ತೊಳೆಯುವ ಕ್ರಮ

ಮೊದಲ ಸಲ ತಲೆ ತೊಳೆಯುವುದು ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ. ಅನೇಕ ಕಡೆ ಆ ಮೊದಲ ತೊಳೆತವನ್ನು ಅವರೇ ಮಾಡಿ ತೋರಿಸುತ್ತಾರೆ. ಕಣ್ಣಿಟ್ಟು ನೋಡಿಕೊಳ್ಳಿ, ಸಾಧ್ಯವಾದರೆ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮರುದಿನ ಮನೆಯಲ್ಲಿ ಒಬ್ಬರೇ ನಿಂತಾಗ ಕೈ ನಡುಗುತ್ತದೆ.

ಕೊಟ್ಟಿರುವ ಲೋಷನ್ ಅಥವಾ ಫೋಮನ್ನು ನೆಟ್ಟ ಜಾಗಕ್ಕೆ ಮೆತ್ತಗೆ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು ಹಕ್ಕಳೆ ನೆನೆಯಲು ಬಿಡಿ. ಉಗುರು ಬೆಚ್ಚಗಿನ ನೀರನ್ನು ಮಗ್ಗಿನಲ್ಲಿ ತೆಗೆದುಕೊಂಡು ಹತ್ತಿರದಿಂದ ನಿಧಾನಕ್ಕೆ ಹರಿಯಬಿಡಿ. ಷವರಿನ ರಭಸ ಈಗ ಬೇಡ. ಶಾಂಪೂವನ್ನು ನೇರ ತಲೆಗೆ ಸುರಿಯದೆ ಅಂಗೈಗಳ ನಡುವೆ ಉಜ್ಜಿ ನೊರೆ ಮಾಡಿ, ಆ ನೊರೆಯನ್ನಷ್ಟೇ ತಲೆ ಮೇಲೆ ಕೂರಿಸಿ, ಬೆರಳ ತುದಿಯ ಮೆತ್ತನೆ ಭಾಗದಿಂದ ಒತ್ತಿ ಒತ್ತಿ ಎತ್ತಿ. ಉಜ್ಜುವುದಲ್ಲ, ಒತ್ತುವುದು. ಟವೆಲ್ ಹಿಂಭಾಗಕ್ಕೆ ಮಾತ್ರ. ಮುಂಭಾಗ ಗಾಳಿಗೆ ಒಣಗಲಿ.

ಏಳೆಂಟು ದಿನ ಕಳೆದ ಮೇಲೆ, ವೈದ್ಯರು ಹೂಂ ಅಂದರೆ, ಅದೇ ಬೆರಳ ತುದಿಯಿಂದ ಸಣ್ಣ ಸುತ್ತು ತಿರುಗಿಸುತ್ತ ಹಕ್ಕಳೆ ಸಡಿಲಿಸಬಹುದು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹಕ್ಕಳೆ ಬಹುಪಾಲು ಹೋಗಿರಬೇಕು. ಭಯಪಟ್ಟು ಮುಟ್ಟದೇ ಬಿಟ್ಟವರ ತಲೆಯಲ್ಲಿ ಅದು ದಪ್ಪಗಟ್ಟಿ ಕೂರುತ್ತದೆ, ಅದೂ ಒಳ್ಳೆಯದಲ್ಲ. ಉಗುರಿನಿಂದ ಮಾತ್ರ ಎಂದೂ ಕೆರೆಯಬಾರದು.

ಇಲ್ಲಿ ಒಂದು ವಿಷಯವನ್ನು ಹತ್ತಿರದಿಂದ ನೋಡಬೇಕು. ಹಕ್ಕಳೆ ಉದುರುವಾಗ ಅದರೊಳಗೆ ಕೂದಲೂ ಸಿಕ್ಕಿಕೊಂಡು ಬರುತ್ತದೆ. ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿದರೆ ಕೂದಲಿನ ತುದಿಯಲ್ಲಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಬಿಳಿ ಗಂಟು ಕಾಣಿಸುತ್ತದೆ. ಬೇರೇ ಕಿತ್ತು ಬಂತು ಅಂತ ಅಂದುಕೊಳ್ಳುವುದು ಇದನ್ನು ನೋಡಿಯೇ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಕೂದಲ ಎಳೆಯ ಬುಡದ ತುದಿ ಮಾತ್ರ. ಕೂದಲನ್ನು ಹುಟ್ಟಿಸುವ ಕೋಶ ಚರ್ಮದೊಳಗೇ ಉಳಿದಿರುತ್ತದೆ. ಮೊದಲ ದಿನಗಳಲ್ಲಿ ನಿಜಕ್ಕೂ ಗ್ರಾಫ್ಟ್ ಕಿತ್ತು ಬಂದರೆ ಆ ಜಾಗದಲ್ಲಿ ರಕ್ತ ಜಿನುಗುತ್ತದೆ. ರಕ್ತವಿಲ್ಲದಿದ್ದರೆ ಗ್ರಾಫ್ಟ್ ಇದ್ದಲ್ಲೇ ಇದೆ ಎಂದೇ ಅರ್ಥ. ರಕ್ತ ಕಂಡರೆ ಶುದ್ಧ ಗಾಜ್‌ನಿಂದ ಕೆಲವು ನಿಮಿಷ ಮೆತ್ತಗೆ ಒತ್ತಿ ಹಿಡಿದು, ಆಸ್ಪತ್ರೆಗೆ ಫೋನ್ ಮಾಡಿ. ಬಿದ್ದದ್ದನ್ನು ನೀವೇ ತಿರುಗಿ ಸಿಕ್ಕಿಸಲು ಹೋಗಬೇಡಿ.

ಮೊದಲ ತಿಂಗಳ ಉಳಿದ ಎಚ್ಚರಿಕೆಗಳು

ತಲೆ ಮೇಲಿಂದ ಎಳೆದು ಹಾಕುವ ಟೀ ಶರ್ಟ್ ಬದಲು ಗುಂಡಿ ಅಂಗಿ ತೊಡಿ. ಕಾರಿನ ಬಾಗಿಲು, ಕಪಾಟಿನ ಅಂಚು, ಇವುಗಳಿಗೆ ತಲೆ ತಾಗಿಸಿಕೊಳ್ಳುವವರೇ ಹೆಚ್ಚು, ತಲೆಯ ಚರ್ಮ ಜೋಮು ಹಿಡಿದಿರುವುದರಿಂದ ಏಟು ಬಿದ್ದದ್ದೂ ಸರಿಯಾಗಿ ಗೊತ್ತಾಗುವುದಿಲ್ಲ. ಈ ಜೋಮು ಕೆಲವು ವಾರದಿಂದ ಕೆಲವು ತಿಂಗಳವರೆಗೆ ಇರುತ್ತದೆ, ಎಫ್‌ಯುಟಿಯಲ್ಲಿ ಇನ್ನಷ್ಟು ಹೆಚ್ಚು. ಭಾರ ಎತ್ತುವುದು, ಓಟ, ಜಿಮ್ ಎರಡು ವಾರ ಬೇಡ. ಎಫ್‌ಯುಟಿ ಆದವರಿಗೆ ಹೊಲಿಗೆಯನ್ನು 10ರಿಂದ 14 ದಿನದೊಳಗೆ ಬಿಚ್ಚುತ್ತಾರೆ. ಬಿಚ್ಚಿದ ಮೇಲೂ ಕತ್ತನ್ನು ಬಲವಾಗಿ ಬಗ್ಗಿಸುವ ಕಸರತ್ತು ಮಾಡಿದರೆ ಗಾಯದ ಗೆರೆ ಅಗಲವಾಗುವ ಅಪಾಯವಿರುವುದರಿಂದ ಅವರು ಇನ್ನೂ ಕೆಲವು ವಾರ ಕಾಯಬೇಕು. ಈಜುಕೊಳಕ್ಕೆ ಒಂದು ತಿಂಗಳು ರಜೆ. ಬಿಸಿಲಿಗೆ ಹೋಗುವಾಗ, ಟೋಪಿಗೆ ಅನುಮತಿ ಸಿಕ್ಕ ಮೇಲೆ, ಸಡಿಲವಾದ ಟೋಪಿ ಇರಲಿ.

ಹೆಲ್ಮೆಟ್ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಬಿಗಿಯಾದ ಹೆಲ್ಮೆಟ್ ಹಾಕಿ ತೆಗೆಯುವಾಗ ಗ್ರಾಫ್ಟ್ ಉಜ್ಜಿಹೋಗುತ್ತದೆ ಅನ್ನುವುದು ನಿಜ, ಆದ್ದರಿಂದ ಹೆಲ್ಮೆಟ್ ಇಲ್ಲದೆ ಹೋಗೋಣ ಅನ್ನುವುದು ಸಲ್ಲ. ವೈದ್ಯರು ಒಪ್ಪಿಗೆ ಕೊಡುವವರೆಗೆ ಬೈಕ್ ಮನೆಯಲ್ಲೇ ಇರಲಿ.

ಉದುರುವ ಕಾಲ

ಈಗ ಆ ಟವೆಲ್ಲಿನ ವಿಷಯಕ್ಕೆ ಬರೋಣ. ಎರಡನೇ ವಾರ ಕಳೆದ ಮೇಲೆ ಶುರುವಾಗಿ ಎಂಟನೇ ವಾರದೊಳಗೆ, ನೆಟ್ಟ ಕೂದಲಲ್ಲಿ ಬಹುಪಾಲು ಉದುರಿಹೋಗುತ್ತದೆ. ಕೆಲವರಿಗೆ ಸ್ವಲ್ಪ ಉಳಿಯುತ್ತದೆ, ಅವರು ಅದೃಷ್ಟವಂತರು, ಉಳಿದವರಿಗೆ ಏನೋ ತಪ್ಪಾಗಿದೆ ಎಂದಲ್ಲ.

ಕಾರಣ ಇಷ್ಟು. ಪ್ರತಿ ಕೂದಲಿಗೂ ಬೆಳೆಯುವ ಹಂತ ಮತ್ತು ವಿಶ್ರಾಂತಿಯ ಹಂತ ಇರುತ್ತದೆ. ಕಿತ್ತು ನೆಟ್ಟ ಆಘಾತಕ್ಕೆ ಬುಡ ಒಮ್ಮೆಗೇ ವಿಶ್ರಾಂತಿಗೆ ಜಾರುತ್ತದೆ, ಹಳೆಯ ಎಳೆಯನ್ನು ಕೈಬಿಡುತ್ತದೆ. ವಿಶ್ರಾಂತಿಯ ಹಂತ ಸುಮಾರು ಮೂರು ತಿಂಗಳು. ಅದು ಮುಗಿದ ಮೇಲೆ ಅದೇ ಬುಡ ಹೊಸ ಎಳೆಯನ್ನು ಕಟ್ಟಲು ತೊಡಗುತ್ತದೆ. ಅಗೆ ಕಿತ್ತು ನಾಟಿ ಮಾಡಿದ ಪೈರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ: ಮೊದಲು ಬಾಡುತ್ತದೆ, ಬೇರು ಹಿಡಿದ ಮೇಲೆ ತಲೆ ಎತ್ತುತ್ತದೆ. ಟವೆಲ್ ಮೇಲೆ ಬಿದ್ದದ್ದು ಎಲೆ, ಬೇರಲ್ಲ.

ಇನ್ನೊಂದು ಬಗೆಯ ಉದುರುವಿಕೆ ಇದೆ, ಅದನ್ನು ಶಾಕ್ ಲಾಸ್ ಎನ್ನುತ್ತಾರೆ. ನೆಟ್ಟ ಜಾಗದ ನಡುವೆ ಮೊದಲೇ ಇದ್ದ ನಿಮ್ಮ ಸ್ವಂತ ಕೂದಲೂ ಅದೇ ಆಘಾತಕ್ಕೆ ಉದುರಬಹುದು. ಗಟ್ಟಿ ಕೂದಲು ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ. ಮೊದಲೇ ಸಣಕಲಾಗಿ ಕೊನೆಯ ದಿನ ಎಣಿಸುತ್ತಿದ್ದ ಕೂದಲು ಬರದೆಯೂ ಇರಬಹುದು. ಎರಡೂ ಸೇರಿದಾಗ ಎರಡನೇ, ಮೂರನೇ ತಿಂಗಳಲ್ಲಿ ತಲೆ ಕಸಿಗೆ ಮೊದಲು ಇದ್ದದ್ದಕ್ಕಿಂತ ತೆಳ್ಳಗೆ ಕಾಣುತ್ತದೆ. ಕಂಡ ಕಂಡ ಎಣ್ಣೆ, ಪುಡಿ, ಸೀರಮ್ಮಿಗೆ ಜನ ಹಣ ಸುರಿಯುವುದು ಈ ಹೊತ್ತಿನಲ್ಲೇ. ನಾಲ್ಕನೇ ತಿಂಗಳಲ್ಲಿ ತಾನಾಗಿ ಬರಲಿದ್ದ ಕೂದಲ ಕೀರ್ತಿಯೆಲ್ಲ ಆ ಸೀಸೆಗೆ ಹೋಗುತ್ತದೆ. ಮುಚ್ಚಿಟ್ಟುಕೊಳ್ಳಬೇಕಾದ ಅಗತ್ಯವಿದ್ದರೆ ಟೋಪಿ ಹಾಕಿ. ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ, ದಿನಾ ತಲೆ ನೋಡಿ ಲೊಚಗುಟ್ಟುವವರು ಪಕ್ಕದಲ್ಲಿದ್ದರೆ ಕಾಯುವುದು ಇನ್ನೂ ಕಷ್ಟ.

ತಲೆಗೆ ಹಚ್ಚುವ ಮಿನಾಕ್ಸಿಡಿಲ್, ನುಂಗುವ ಮಾತ್ರೆ ಫಿನಾಸ್ಟರೈಡ್ ಕುರಿತು ಒಂದು ಮಾತು. ನೆಟ್ಟ ಕೂದಲು ಬೋಳುತನಕ್ಕೆ ಬಗ್ಗದಿದ್ದರೂ ಅದರ ಹಿಂದೆ ನೆತ್ತಿಯ ಕಡೆಗಿರುವ ಹಳೆಯ ಕೂದಲು ಬಗ್ಗುತ್ತದೆ. ಅದನ್ನು ಉಳಿಸಿಕೊಳ್ಳದಿದ್ದರೆ ಕೆಲವು ವರ್ಷದಲ್ಲಿ ಮುಂದೆ ಕಸಿ, ಹಿಂದೆ ಬಯಲು ಎಂಬಂತಾಗಬಹುದು. ಅದಕ್ಕಾಗಿ ಈ ಔಷಧಗಳು. ಮಿನಾಕ್ಸಿಡಿಲ್ ಹಸಿ ಗಾಯಕ್ಕೆ ಉರಿ ತರುವುದರಿಂದ ಯಾವಾಗ ಶುರು ಮಾಡಬೇಕೆಂದು ಕೇಳಿಕೊಳ್ಳಿ. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತದೆ, ಮನಸ್ಸು ಮಂಕಾಗುವುದೂ ವರದಿಯಾಗಿದೆ. ಪ್ರಾಸ್ಟೇಟ್ ತಪಾಸಣೆಯ ಪಿಎಸ್‌ಎ ಅಂಕಿಯನ್ನು ಅದು ಸುಮಾರು ಅರ್ಧಕ್ಕಿಳಿಸುವುದರಿಂದ ಆ ಪರೀಕ್ಷೆ ಮಾಡಿಸುವಾಗ ತಿಳಿಸಲೇಬೇಕು. ಗರ್ಭಿಣಿಯರು ಅದರ ಒಡೆದ ಮಾತ್ರೆಯನ್ನು ಮುಟ್ಟಲೂಬಾರದು.

ಯಾವಾಗ ಓಡಬೇಕು?

ದಿನದಿಂದ ದಿನಕ್ಕೆ ಏರುವ ನೋವು, ಜ್ವರ, ಕೀವು, ಕೆಟ್ಟ ವಾಸನೆ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಚರ್ಮ ಕಪ್ಪಾಗಿ ಗಟ್ಟಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಮರುದಿನದವರೆಗೆ ಕಾಯಬೇಡಿ. ಎರಡು ಮೂರನೇ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಮೊಡವೆಯಂಥ ಗುಳ್ಳೆ ಏಳುವುದು ಬೇರೆ ವಿಷಯ. ಹೊಸ ಕೂದಲು ಚರ್ಮ ಸೀಳಿ ಬರುವಾಗ ಹಾಗಾಗುತ್ತದೆ. ಚಿವುಟಬೇಡಿ, ಹೆಚ್ಚಾದರೆ ತೋರಿಸಿ.

ಮೊಳಕೆ

ಮೂರನೇ ತಿಂಗಳ ಕೊನೆಗೋ ನಾಲ್ಕನೆಯದರಲ್ಲೋ ಒಂದು ದಿನ ಹಣೆಯ ಅಂಚಿಗೆ ಬೆರಳು ಸವರಿದಾಗ ಏನೋ ಚುಚ್ಚಿದಂತಾಗುತ್ತದೆ. ಕನ್ನಡಿಯಲ್ಲಿ ನೇರ ನೋಡಿದರೆ ಕಾಣುವುದಿಲ್ಲ, ಕಿಟಕಿಯ ಬೆಳಕಿಗೆ ಪಕ್ಕಕ್ಕೆ ತಿರುಗಬೇಕು. ಮೊದಲ ಕೂದಲು ನೂಲಿನಷ್ಟು ತೆಳು, ಬಣ್ಣವೂ ಪೂರ್ತಿ ಇರುವುದಿಲ್ಲ, ಕೆಲವರಿಗೆ ಸೊಟ್ಟಪಟ್ಟ ಸುರುಳಿಯಾಗಿರುತ್ತದೆ. ಮುಂದಿನ ತಿಂಗಳುಗಳಲ್ಲಿ ಅದೇ ದಪ್ಪವಾಗಿ ನೇರವಾಗುತ್ತದೆ.

ಇಲ್ಲಿ ಲೆಕ್ಕ ಹಾಕಿಟ್ಟುಕೊಂಡರೆ ನೆಮ್ಮದಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕನೇ ತಿಂಗಳು ಹೊರಬಂದ ಕೂದಲು ಹನ್ನೆರಡನೇ ತಿಂಗಳಿಗೆ 8 ಸೆಂಟಿಮೀಟರ್. ಏಳನೇ ತಿಂಗಳು ಹೊರಬಂದದ್ದು ಆಗ 5 ಸೆಂಟಿಮೀಟರ್ ಅಷ್ಟೇ. ಎಲ್ಲ ಬುಡವೂ ಒಂದೇ ದಿನ ಎಚ್ಚರವಾಗುವುದಿಲ್ಲವಾದ್ದರಿಂದ ಆರನೇ ತಿಂಗಳಲ್ಲಿ ತಲೆ ತೇಪೆ ಹಾಕಿದಂತೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಾಣುವುದು ಸಹಜ. ಫಲಿತಾಂಶದ ದೊಡ್ಡ ಪಾಲು ವರ್ಷದೊಳಗೆ ಕಾಣುತ್ತದೆ. ನೆತ್ತಿಯ ಸುಳಿಯಲ್ಲಿ ನೆಟ್ಟಿದ್ದರೆ 15ರಿಂದ 18 ತಿಂಗಳವರೆಗೂ ಹಿಡಿಯಬಹುದು. ಇನ್ನೊಂದು ಸುತ್ತು ಕಸಿ ಬೇಕೇ ಬೇಡವೇ ಎಂಬ ತೀರ್ಮಾನ ಅದಕ್ಕೆ ಮೊದಲು ಬೇಡ.

ಪ್ರತಿ ತಿಂಗಳು ಅದೇ ತಾರೀಖು, ಅದೇ ಕಿಟಕಿ, ಅದೇ ಹೊತ್ತು, ಒಣಗಿದ ತಲೆ: ಎದುರಿನಿಂದ, ಎರಡು ಪಕ್ಕದಿಂದ, ಮೇಲಿನಿಂದ ನಾಲ್ಕು ಫೋಟೊ ತೆಗೆದಿಡಿ. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದರೂ ಕಾಣದ ಬದಲಾವಣೆ ಎರಡು ಫೋಟೊ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಐದನೇ ತಿಂಗಳಲ್ಲಿ ನನಗೆ ಏನೂ ಆಗಿಲ್ಲ ಅನ್ನಿಸಿತ್ತು. ಎರಡನೇ ತಿಂಗಳ ಫೋಟೊ ತೆಗೆದು ಪಕ್ಕದಲ್ಲಿಟ್ಟ ಮೇಲೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕ್ರಾಪು

ಒಂದು ತಿಂಗಳ ನಂತರ ಹಿಂಭಾಗ ಮತ್ತು ಪಕ್ಕಗಳಿಗೆ ಕತ್ತರಿ ಹಾಕಿಸಬಹುದು. ನೆಟ್ಟ ಜಾಗಕ್ಕೆ ಮಷೀನ್ ತಾಗಿಸುವುದು ಮೂರು ತಿಂಗಳ ನಂತರವೇ ಇರಲಿ. ಕ್ಷೌರಿಕರ ಕುರ್ಚಿಯಲ್ಲಿ ಕೂತ ತಕ್ಷಣ ಕಸಿಯಾಗಿದೆ ಎಂದು ಹೇಳಿಬಿಡಿ, ಸಂಕೋಚ ಬೇಡ. ಎಫ್‌ಯುಇ ಆದವರ ಹಿಂಭಾಗವನ್ನು ಪೂರ್ತಿ ಬೋಳಿಸಿದರೆ ಬಿಳಿ ಚುಕ್ಕೆಗಳು ಕಾಣಬಹುದು, ಎಫ್‌ಯುಟಿಯ ಗೆರೆ ಮುಚ್ಚಲು ಅದಕ್ಕಿಂತ ಉದ್ದ ಬೇಕು. ಹಾಗಾಗಿ ಮೊದಲ ಸಲ ಮಷೀನಿನ ದೊಡ್ಡ ನಂಬರಿನಿಂದ ಶುರು ಮಾಡಿ, ಹಿಂದೊಂದು ಕನ್ನಡಿ ಹಿಡಿಯಲು ಹೇಳಿ ನೋಡಿಕೊಂಡು, ಆಮೇಲೆ ಒಂದೊಂದೇ ನಂಬರ್ ಇಳಿಸಲು ಹೇಳಿ. ಗುರುತು ಕಾಣದ ನಂಬರ್ ಯಾವುದೆಂದು ಗೊತ್ತಾದ ದಿನ ಅದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.