ಮಾಳಿಗೆ ಮೇಲಿನ ಹೈಡ್ರೋಜನ್ ರೇಡಿಯೋ: ತಗಡಿನ ಲಾಳಿಕೆ ಮಾಡುವ ಬಗೆ

ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ ಅಲ್ಮಾ ಎಂಬ ರೇಡಿಯೋ ದೂರದರ್ಶಕದ 66 ಆಂಟೆನಾಗಳು ನಿಂತಿವೆ. ಅವು ಹಿಡಿಯುವ ಮಿಲಿಮೀಟರ್ ಅಲೆಗಳನ್ನು ಗಾಳಿಯ ನೀರಾವಿ ನುಂಗಿಬಿಡುತ್ತದೆ. ಅದಕ್ಕೇ ಅಷ್ಟು ಒಣ ಎತ್ತರ ಬೇಕು. ಆಕಾಶಗಂಗೆಯ ಹೈಡ್ರೋಜನ್ ಹೊರಡಿಸುವ 21 ಸೆಂ.ಮೀ. ರೇಡಿಯೋ ಅಲೆಗೆ, ಅಂದರೆ 1420.4 ಮೆಗಾಹರ್ಟ್ಸ್‌ಗೆ, ಈ ಕಾಟವಿಲ್ಲ. ಮೋಡ ಕವಿದಿದ್ದರೂ ಬರುತ್ತದೆ. ಅದನ್ನು ಹಿಡಿಯಲು ವಿಜಯಪುರದ ಮಾಳಿಗೆ, ತಗಡಿನ ಡಬ್ಬಿಗೆ ಬೆಸೆದ ಲಾಳಿಕೆಯ ಆಂಟೆನಾ ಸಾಕು. ಇಲ್ಲಿ ಕೆಲಸ ಕೆಡಿಸುವುದು ಆವಿಯಲ್ಲ, ನಮ್ಮದೇ ಮನೆಯ ಕರೆಂಟು.

ಕಾಳಿನ ಡಬ್ಬಿ, ಲಾಳಿಕೆ ಮಾಡುವ ತಗಡಿನ ಕೆಲಸದವರಿಗೆ ಈ ಅಳತೆ ಕೊಡಿ. 26 ಗೇಜ್ ಜಿಐ ತಗಡು. ಡಬ್ಬಿಯ ವ್ಯಾಸ 15.5 ಸೆಂ.ಮೀ., ಉದ್ದ 27, ಒಂದು ತುದಿ ಮುಚ್ಚಿರಬೇಕು. ವ್ಯಾಸದಲ್ಲಿ ರಾಜಿ ಬೇಡ: 12.4ಕ್ಕಿಂತ ಕಿರಿದಾದರೆ ಅಲೆ ಒಳಗೆ ಸಾಗುವುದೇ ಇಲ್ಲ, 16 ದಾಟಿದರೆ ಬೇರೆ ಬಗೆಯ ಅಲೆಯೂ ಸೇರಿ ಸಂಕೇತ ಹಂಚಿಹೋಗುತ್ತದೆ. 15 ಕೆ.ಜಿ. ಎಣ್ಣೆ ಡಬ್ಬಿಯ ಆಸೆ ಬಿಡಿ. ಅದು ತೀರಾ ಅಗಲ.

ಬಾಯಿ 60 ಸೆಂ.ಮೀ. ಇರುವ ಲಾಳಿಕೆಗೆ, ತಗಡಿನ ಮೇಲೆ ಒಂದೇ ಕೇಂದ್ರದಿಂದ 67.4 ಮತ್ತು 17.4 ಸೆಂ.ಮೀ. ತ್ರಿಜ್ಯದ ಎರಡು ಕಮಾನು ಎಳೆದು 160 ಡಿಗ್ರಿ ಕತ್ತರಿಸಿ. ಮಡಿಕೆಗೆ 1 ಸೆಂ.ಮೀ. ಹೆಚ್ಚು ಬಿಡಿ. ಸುತ್ತಿ ಡಬ್ಬಿಗೆ ಬೆಸೆದು, ಸಂದಿಗೆ ಅಲ್ಯುಮಿನಿಯಂ ಟೇಪ್ ಹಚ್ಚಿ. ಇದು ಆಕಾಶದ ಸುಮಾರು 25 ಡಿಗ್ರಿ ಅಗಲವನ್ನು ನೋಡುತ್ತದೆ, ಹೀಗಾಗಿ ಗುರಿ ಸ್ವಲ್ಪ ತಪ್ಪಿದರೂ ಚಿಂತೆಯಿಲ್ಲ.

ಹೆಚ್ಚಿನವರು ಎಡವುವುದು ಡಬ್ಬಿಯೊಳಗೆ ತಂತಿ ಕೂರಿಸುವ ತೂತಿನಲ್ಲಿ. ಬಯಲಲ್ಲಿ ಕಾಲು ಅಲೆ 5.3 ಸೆಂ.ಮೀ. ಎಂದು ಮುಚ್ಚಿದ ತುದಿಯಿಂದ ಅಷ್ಟಕ್ಕೇ ಕೊರೆದುಬಿಡುತ್ತಾರೆ. ಡಬ್ಬಿಯೊಳಗೆ ಅಲೆ ಹಿಗ್ಗಿ 35 ಸೆಂ.ಮೀ. ಆಗುತ್ತದೆ; ತೂತು 8.8ಕ್ಕೆ ಬೀಳಬೇಕು. ಅಲ್ಲಿ ಎಸ್‌ಎಂಎ ಕನೆಕ್ಟರ್ ಕೂರಿಸಿ, 14 ಗೇಜ್ ತಾಮ್ರದ ತಂತಿ ಬೆಸೆಯಿರಿ. ತಂತಿಯ ಉದ್ದ ಮೊದಲು 5.5 ಸೆಂ.ಮೀ. ಇಟ್ಟು, ಆಮೇಲೆ 5ರ ಹತ್ತಿರಕ್ಕೆ ಸ್ವಲ್ಪಸ್ವಲ್ಪವೇ ಕತ್ತರಿಸಿ.

ಹೈಡ್ರೋಜನ್ ಫಿಲ್ಟರ್ ಇರುವ ಆಂಪ್ಲಿಫೈಯರ್ ಕನೆಕ್ಟರಿಗೇ ಅಂಟಿಕೊಂಡಿರಲಿ. ನಡುವೆ 5 ಮೀಟರ್ ಆರ್‌ಜಿ-58 ಕೇಬಲ್ ಹಾಕಿದರೆ ಸಂಕೇತದ ಅರ್ಧ ಅಲ್ಲೇ ಹೋಯಿತು. ನಂತರ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ರೇಡಿಯೋ. ಬಿಸಿಗೂ ಆವರ್ತನ ಜಾರದಂತೆ ಹಿಡಿಯುವ ಟಿಸಿಎಕ್ಸ್‌ಒ ಇರುವುದನ್ನೇ ಕೊಳ್ಳಿ. ಸಂಕೇತದ ದಾರಿಯಲ್ಲೇ ಕರೆಂಟು ಕಳಿಸುವ ಬಯಾಸ್ ಟೀ ಆನ್ ಮಾಡಲು ಮರೆತರೆ ಆಂಪ್ಲಿಫೈಯರಿಗೆ ಕರೆಂಟೇ ಹೋಗದು.

ಮೊದಲ ಪರೀಕ್ಷೆ: ಬಾಯಿ ಆಕಾಶಕ್ಕೆ, ಆಮೇಲೆ ನೆಲಕ್ಕೆ. ನೆಲಕ್ಕೆ ತಿರುಗಿಸಿದಾಗ ಶಕ್ತಿ 3 ಡೆಸಿಬೆಲ್ ಆದರೂ ಏರಬೇಕು. ಏರದಿದ್ದರೆ ಬೆಸುಗೆ ನೋಡಿ, ಸಾಫ್ಟ್‌ವೇರ್ ಬೈಯಬೇಡಿ.

ಟ್ಯೂನಿಂಗ್ 1420.0ಕ್ಕೆ ಇಡಿ, ಡಾಂಗಲ್ಲೇ ಪಟ್ಟಿಯ ನಟ್ಟನಡುವೆ ಹುಟ್ಟಿಸುವ ಸುಳ್ಳು ಮುಳ್ಳು ಹೈಡ್ರೋಜನ್ ಮೇಲೆ ಕೂರದು. ಸ್ಯಾಂಪಲ್ ದರ 2.4 ಮೆಗಾಹರ್ಟ್ಸ್, 1024 ಚಾನೆಲ್, 5 ನಿಮಿಷದ ಸರಾಸರಿ. ಹೈಡ್ರೋಜನ್ ಇಲ್ಲದ ದಿಕ್ಕು ಆಕಾಶದಲ್ಲಿ ಎಲ್ಲಿಯೂ ಇಲ್ಲ, ಕಡಿಮೆ ಇರುವ ಕಡೆ ಇದೆ: ಉತ್ತರಾ (ಡೆನೆಬೋಲಾ) ನಕ್ಷತ್ರ ನೆತ್ತಿ ದಾಟಿ ಒಂದು ಗಂಟೆಯಾದಾಗ ಲಾಳಿಕೆಯನ್ನು ನೆತ್ತಿಗೆ ಹಿಡಿದು ಒಂದು ದಾಖಲೆ ತೆಗೆದಿಟ್ಟುಕೊಳ್ಳಿ. ಆಕಾಶಗಂಗೆಯ ದಾಖಲೆಯನ್ನು ಇದರಿಂದ ಭಾಗಿಸಿದರೆ ಗ್ರಾಫಿನಲ್ಲಿ ಹೈಡ್ರೋಜನ್ನಿನ ಉಬ್ಬು ಎದ್ದು ಕಾಣುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ 9ಕ್ಕೆ ಉತ್ತರಕ್ಕೆ 60 ಡಿಗ್ರಿ ಎತ್ತರದಲ್ಲಿ, ಆಕಾಶಗಂಗೆಯ ಮೇಲೆಯೇ, ಹಂಸ ರಾಶಿ ಇರುತ್ತದೆ. ಹೊಸಬರಿಗೆ ಅದೇ ಸುಲಭ.

ನೂರಾರು ಕಿಲೋಹರ್ಟ್ಸ್ ಅಗಲದ ಉಬ್ಬು ಹೈಡ್ರೋಜನ್. ಸೂಜಿಯಂತೆ ನಿಂತಿದ್ದರೆ ಎಲ್‌ಇಡಿ ಬಲ್ಬು, ಇನ್ವರ್ಟರ್, ಸಿಸಿಟಿವಿ ಯಾವುದಾದರೂ ಒಂದು. 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪ್ರಸಾರ ಮಾಡುವಂತೆಯೇ ಇಲ್ಲ, ಆದ್ದರಿಂದ ಕಳ್ಳ ಹತ್ತಿರದಲ್ಲೇ ಇರುತ್ತಾನೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ನೋಡಿ.

ಸ್ಟ್ಯಾಂಡಿನ ಕಾಲಿಗೆ ಉಸುಕಿನ ಚೀಲ ಇಡಿ. ಆಷಾಢದ ಗಾಳಿಗೆ ಈ ಬಾಯಿ ಹಾಯಿಯಂತೆ ಸಿಗುತ್ತದೆ. ಗುಡುಗು ಕೇಳಿದರೆ ಕೇಬಲ್ ಕಿತ್ತು ಕೆಳಗಿಳಿಯಿರಿ.